ವಯಸ್ಸು ನೋಡಬೇಡಿ, ಹುಟ್ಟಿದ ವರ್ಷ ಹಿಡಿಯಿರಿ: ಬ್ರಿಟನ್ನಿನ ಟೋರಿ ಪಕ್ಷದ ಭವಿಷ್ಯ ಲೆಕ್ಕ ಹಾಕುವುದು ಹೇಗೆ?

ಬ್ರಿಟನ್ನಿನಲ್ಲಿ ಚುನಾವಣೆ ಮುಗಿದ ಮರುದಿನ ವಾಟ್ಸ್‌ಆ್ಯಪ್‌ನಲ್ಲಿ ಒಂದು ಬಣ್ಣದ ಚಾರ್ಟ್ ಬಂದೇ ಬರುತ್ತದೆ. ಯಾವ ವಯಸ್ಸಿನವರು ಯಾರಿಗೆ ವೋಟು ಹಾಕಿದರು ಅಂತ. ಅದನ್ನು ನೋಡಿ ಒಬ್ಬರು ‘ಕನ್ಸರ್ವೇಟಿವ್ ಪಕ್ಷದ (ಟೋರಿ ಅಂದರೂ ಇದೇ, ಅಲ್ಲಿನ ಬಲಪಂಥೀಯ ಪಕ್ಷ) ಕಥೆ ಮುಗೀತು, ಅಲ್ಲಿರೋರೆಲ್ಲ ಮುದುಕರು’ ಅನ್ನುತ್ತಾರೆ. ಇನ್ನೊಬ್ಬರು ‘ಕೂದಲು ಬೆಳ್ಳಗಾದ ಮೇಲೆ ಎಲ್ಲರೂ ಅಲ್ಲಿಗೇ ಬರ್ತಾರೆ ಬಿಡಿ’ ಅನ್ನುತ್ತಾರೆ. ಇಬ್ಬರೂ ಲೆಕ್ಕ ಮಾಡಿರುವುದಿಲ್ಲ. ಒಂದು ಹಾಳೆ, ಒಂದು ಪೆನ್ಸಿಲ್ ಇದ್ದರೆ ಆಗುವ ಕೆಲಸ ಇದು. ಎಲ್ಲರೂ ಎಡವುವುದು ಮೂರನೇ ಹಂತದಲ್ಲಿ, ಅಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಹಂತ 1: ಅಂಕಿ ತೆಗೆದುಕೊಳ್ಳಿ

ಇತ್ತೀಚಿನದಕ್ಕೆ ಯೂಗವ್, ಹಳೆಯದಕ್ಕೆ ಇಪ್ಸೋಸ್ ಮೋರಿ, ಎರಡೂ ಸಮೀಕ್ಷೆ ಮಾಡುವ ಕಂಪನಿಗಳು. ಚುನಾವಣೆ ಆದ ಮೇಲಿನ ದೊಡ್ಡ ಸಮೀಕ್ಷೆಗಳನ್ನೇ ತೆಗೆದುಕೊಳ್ಳಿ. ವಾರಕ್ಕೊಂದು ಬರುವ ಸಣ್ಣ ಸಮೀಕ್ಷೆಗಳಲ್ಲಿ ಸಾವಿರ ಜನರನ್ನು ಕೇಳಿದ್ದರೆ 25ರ ಒಳಗಿನವರು ಸುಮಾರು ನೂರು ಜನ ಇದ್ದರೆ ಹೆಚ್ಚು, ಅಷ್ಟರ ಮೇಲೆ ‘ಯುವಜನ ಬಲಕ್ಕೆ ತಿರುಗಿದರು’ ಅಂತ ಹೆಡ್‌ಲೈನ್ ಹೊಡೆಯುವ ಪೇಪರ್ ನಂಬಬೇಡಿ. ಸೋಷಿಯಲ್ ಮೀಡಿಯಾ ಪೋಲ್‌ಗಳನ್ನಂತೂ ಮುಟ್ಟಲೇಬೇಡಿ.

ಹಂತ 2: ‘ದಾಟುವ ವಯಸ್ಸು’ ಅನ್ನುವ ಅಡ್ಡದಾರಿ ಬಿಡಿ

ಯಾವ ವಯಸ್ಸಿನಿಂದ ಮೇಲೆ ಎದುರಾಳಿ ಎಡಪಂಥೀಯ ಪಕ್ಷ ಲೇಬರ್‌ಗಿಂತ ಟೋರಿಗೆ ಜಾಸ್ತಿ ವೋಟು ಬೀಳುತ್ತದೆ ಅನ್ನುವ ಒಂದು ಸಂಖ್ಯೆ ಇದೆ. ಪತ್ರಕರ್ತರಿಗೆ ಬಹಳ ಇಷ್ಟ. ಯೂಗವ್ ಪ್ರಕಾರ 2017ರಲ್ಲಿ ಅದು 47, 2019ರಲ್ಲಿ 39, 2024ರಲ್ಲಿ 63. ಮೊದಲ ಎರಡನ್ನು ಮಾತ್ರ ನೋಡಿದವರು ‘ಯುವಕರು ವಾಪಸ್ ಬರುತ್ತಿದ್ದಾರೆ’ ಅಂದರು. ಐದು ವರ್ಷ ಆಗುವಷ್ಟರಲ್ಲಿ ಬಾಯಿ ಮುಚ್ಚಬೇಕಾಯಿತು. ಏಳು ವರ್ಷದಲ್ಲಿ ಒಂದು ತಲೆಮಾರು ಹೀಗೆ ಹಿಂದೆ ಮುಂದೆ ಓಡಾಡುವುದಿಲ್ಲ ಅಲ್ವಾ? ಓಡಾಡಿದ್ದು ಗಾಳಿ. 2019ರಲ್ಲಿ ಬ್ರೆಕ್ಸಿಟ್ (ಯುರೋಪಿಯನ್ ಒಕ್ಕೂಟದಿಂದ ಹೊರಬರುವ ಜಗಳ) ಇತ್ತು, ಎದುರಿಗೆ ಲೇಬರ್ ನಾಯಕ ಜೆರೆಮಿ ಕಾರ್ಬಿನ್ ಇದ್ದರು. 2024ರಲ್ಲಿ ಟೋರಿ ಪಕ್ಷ ಎಲ್ಲ ವಯಸ್ಸಿನಲ್ಲೂ ಕುಸಿದು ಶೇ 24 ಮತ ಮತ್ತು 121 ಸೀಟಿಗೆ ಇಳಿಯಿತು.

ಹಂತ 3: ಗಾಳಿಯನ್ನು ಕಳೆಯಿರಿ, ಆಮೇಲೆ ಹುಟ್ಟಿದ ವರ್ಷ ಹಿಂಬಾಲಿಸಿ

ಒಂದು ಗುಂಪಿನ ವೋಟಿನಲ್ಲಿ ಮೂರು ಸಂಗತಿ ಬೆರೆತಿರುತ್ತವೆ. ಒಂದು, ವಯಸ್ಸಾಗುತ್ತಾ ಬರುವ ಬದಲಾವಣೆ. ಎರಡು, ಆ ವರ್ಷದ ಗಾಳಿ. ಮೂರು, ಆ ತಲೆಮಾರು ಜೀವನಪೂರ್ತಿ ಹೊತ್ತುಕೊಂಡು ಹೋಗುವ ಸ್ವಭಾವ. ಪಕ್ಷವನ್ನು ಒಳಗಿನಿಂದ ಬದಲಿಸುವುದು ಮೂರನೆಯದು. ಆದರೆ ಚಾರ್ಟ್ ನೋಡಿದ ಕೂಡಲೇ ಕಣ್ಣಿಗೆ ಬೀಳುವುದು ಎರಡನೆಯದು.

ಗಾಳಿ ಕಳೆಯುವುದು ಸುಲಭ. ಆ ಗುಂಪಿನ ಟೋರಿ ಮತದಿಂದ ದೇಶದ ಒಟ್ಟು ಟೋರಿ ಮತವನ್ನು ಕಳೆಯಿರಿ, ಉಳಿದದ್ದು ‘ಅಂತರ’. 18ರಿಂದ 24ರವರದ್ದೇ ಮಾಡಿ ನೋಡಿ. 1983ರಲ್ಲಿ, ಟೋರಿ ಪ್ರಧಾನಿ ಥ್ಯಾಚರ್ ಕಾಲ, ಆ ಹುಡುಗ ಹುಡುಗಿಯರಲ್ಲಿ ಶೇ 42 ಟೋರಿ. ದೇಶದಲ್ಲೂ 42. ಅಂತರ ಸೊನ್ನೆ! ಲೇಬರ್‌ಗಿಂತ ಟೋರಿಯೇ ಮುಂದಿತ್ತು, ಯುವಕರು ಯಾವಾಗಲೂ ಎಡ ಅನ್ನುವವರಿಗೆ ಇದನ್ನು ತೋರಿಸಿ. 1997ರಲ್ಲಿ ಲೇಬರ್‌ನ ಟೋನಿ ಬ್ಲೇರ್ ಅಲೆ, ಯುವಜನರಲ್ಲಿ ಶೇ 27, ದೇಶದಲ್ಲಿ 31. ಅಂತರ ಮೈನಸ್ 4. 2019ರಲ್ಲಿ ಟೋರಿಯ ಬೋರಿಸ್ ಜಾನ್ಸನ್ ಭರ್ಜರಿಯಾಗಿ ಗೆದ್ದರು, ದೇಶದಲ್ಲಿ 44, ಯುವಜನರಲ್ಲಿ 21. ಮೈನಸ್ 23. ಪಕ್ಷ ಗೆದ್ದ ವರ್ಷವೇ ಹೀಗೆ. (ಈ ಸಮೀಕ್ಷೆಗಳು ಉತ್ತರ ಐರ್ಲೆಂಡನ್ನು ಬಿಟ್ಟಿರುತ್ತವೆ, ಕಂಪನಿಗಳೂ ಬೇರೆ ಬೇರೆ. ಒಂದೆರಡು ಅಂಕ ಆಚೀಚೆ ಆಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 4ಕ್ಕೂ 23ಕ್ಕೂ ಇರುವ ವ್ಯತ್ಯಾಸ ಅದರಿಂದ ಅಳಿಸಿಹೋಗುವುದಿಲ್ಲ.)

ಈಗ ಅವೇ ಜನರನ್ನು ಮುಂದಕ್ಕೆ ಹಿಂಬಾಲಿಸಿ. 1997ರಲ್ಲಿ 18ರಿಂದ 24 ಇದ್ದವರು 1973ರಿಂದ 79ರ ನಡುವೆ ಹುಟ್ಟಿದವರು. 2019ರಲ್ಲಿ ಅವರೆಲ್ಲ ನಲವತ್ತರ ಆಸುಪಾಸಿನಿಂದ ಮೇಲೆ. ಆ ವರ್ಷ 40ರಿಂದ 49ರವರಲ್ಲಿ ಟೋರಿ ಮತ ಶೇ 41. ಇಲ್ಲಿ ನೋಡಿ ಮೋಸ ಹೋಗುವುದು. 27 ಇದ್ದದ್ದು 41 ಆಯಿತು, ‘ಅಂದೆ ಅಲ್ವಾ, ವಯಸ್ಸಾದ ಮೇಲೆ ಬಂದರು’ ಅಂತ ಕುಣಿಯುತ್ತಾರೆ. ಅಂತರ ತೆಗೆಯಿರಿ: 41ರಲ್ಲಿ 44 ಕಳೆದರೆ ಮೈನಸ್ 3. ಆಗ ಮೈನಸ್ 4, ಈಗ ಮೈನಸ್ 3. ಇಪ್ಪತ್ತೆರಡು ವರ್ಷದಲ್ಲಿ ಅವರು ದೇಶದ ಲೆಕ್ಕದಲ್ಲಿ ನಿಂತಲ್ಲೇ ನಿಂತಿದ್ದಾರೆ, ದೇಶವೇ ಆ ವರ್ಷ ಬಲಕ್ಕೆ ವಾಲಿತ್ತು ಅಷ್ಟೇ.

1983ರ ಗುಂಪು ಹಾಗಲ್ಲ. ಅವರು 2019ರಲ್ಲಿ ಐವತ್ತು ದಾಟಿದವರು, 50ರಿಂದ 59ರವರಲ್ಲಿ ಟೋರಿ ಶೇ 49. ಸೊನ್ನೆಯಿಂದ ಪ್ಲಸ್ 5. ಇವರು ಬಲಕ್ಕೆ ಸರಿದಿದ್ದಾರೆ. ಅಂದರೆ ಕೂದಲು ಬೆಳ್ಳಗಾಗುವ ಸಿದ್ಧಾಂತ ಒಂದು ತಲೆಮಾರಿಗೆ ಹೊಂದುತ್ತದೆ, ಮುಂದಿನದಕ್ಕೆ ಹೊಂದುವುದಿಲ್ಲ. ಈ ಲೆಕ್ಕವನ್ನು ಕೈಯಲ್ಲೇ ಮಾಡಿ. ಸ್ಪ್ರೆಡ್‌ಶೀಟ್‌ನಲ್ಲಿ ಸುಮ್ನೆ ಎಳೆದು ಬಿಟ್ಟರೆ ವಯಸ್ಸಿನ ಸಾಲೇ ಕೂತಿರುತ್ತದೆ, ಹುಟ್ಟಿದ ವರ್ಷದ ಸಾಲು ಓರೆಯಾಗಿ ಹೋಗಬೇಕು ಅನ್ನುವುದು ಮರೆತೇ ಹೋಗುತ್ತದೆ.

ಹಂತ 4: ಮನೆ ಯಾರದ್ದು ಕೇಳಿ

1980ರ ಕಾನೂನಿನಿಂದ ಥ್ಯಾಚರ್ ಸರ್ಕಾರ ಕೌನ್ಸಿಲ್ ಮನೆಗಳಲ್ಲಿ (ಸ್ಥಳೀಯ ಆಡಳಿತದ ಮನೆಗಳು) ಬಾಡಿಗೆಗಿದ್ದವರಿಗೇ ಆ ಮನೆಯನ್ನು ಕಡಿಮೆ ಬೆಲೆಗೆ ಕೊಳ್ಳುವ ಹಕ್ಕು ಕೊಟ್ಟಿತು. ಸ್ವಂತ ಮನೆ ಬಂದವರು ತೆರಿಗೆ, ಆಸ್ತಿ ಅಂತ ಯೋಚಿಸಲು ಶುರು ಮಾಡುತ್ತಾರೆ ಅನ್ನುವುದು ಲೆಕ್ಕಾಚಾರ. ಆಮೇಲೆ ಆ ಏಣಿಯೇ ಕುಸಿಯಿತು. ಇಂಗ್ಲೆಂಡಿನಲ್ಲಿ 25ರಿಂದ 34ರವರಲ್ಲಿ ಸ್ವಂತ ಮನೆ ಇದ್ದವರು 2003–04ರಲ್ಲಿ ಶೇ 59, ಹತ್ತು ವರ್ಷ ಕಳೆದಾಗ ಶೇ 36. ನನ್ನ ಪ್ರಕಾರ ಟೋರಿ ಪಕ್ಷದ ನಿಜವಾದ ತಲೆನೋವು ಮೊಬೈಲೂ ಅಲ್ಲ, ವಿಶ್ವವಿದ್ಯಾಲಯಗಳೂ ಅಲ್ಲ, ಇದು.

ಹಂತ 5: ಬೂತಿಗೆ ಹೋದವರನ್ನು ಮಾತ್ರ ಎಣಿಸಿ

2017ರಲ್ಲಿ ಯುವಜನ ದಂಡುಕಟ್ಟಿ ಬಂದು ವೋಟು ಹಾಕಿದರು ಅಂತ ಪೇಪರ್‌ಗಳು ಬರೆದವು. ಅದಕ್ಕೆ ಪುರಾವೆ ಇಲ್ಲ ಎಂದು ಚುನಾವಣೆಗಳನ್ನು ಅಧ್ಯಯನ ಮಾಡುವ ಬ್ರಿಟಿಷ್ ಎಲೆಕ್ಷನ್ ಸ್ಟಡಿಯವರು ಮುಂದಿನ ವರ್ಷ ತೋರಿಸಿದರು. 2023ರ ಮೇ ತಿಂಗಳಿಂದ ಇಂಗ್ಲೆಂಡಿನ ಬೂತುಗಳಲ್ಲಿ ಫೋಟೊ ಇರುವ ಗುರುತಿನ ಚೀಟಿ ಕೇಳುತ್ತಾರೆ. ಹಿರಿಯರ ಬಸ್ ಪಾಸ್ ನಡೆಯುತ್ತದೆ, ಯುವಕರ ರೈಲ್‌ಕಾರ್ಡ್ (ರೈಲು ರಿಯಾಯಿತಿ ಕಾರ್ಡ್) ನಡೆಯುವುದಿಲ್ಲ. ಇಷ್ಟಾದರೂ ಚೀಟಿ ಇಲ್ಲದೆ ವಾಪಸ್ ಹೋದವರಲ್ಲಿ ತಮ್ಮ ಪಕ್ಷದ್ದೇ ವಯಸ್ಸಾದ ಮತದಾರರಿದ್ದರು ಎಂದು ಟೋರಿ ನಾಯಕ ಜೇಕಬ್ ರೀಸ್-ಮಾಗ್ ಆಮೇಲೆ ಗೋಳಾಡಿದರು.

ಹಾಗೇ ಇನ್ನೊಂದು ಮಾತು: ಅಲ್ಲಿ ನೆಲೆಸಿರುವ ಭಾರತೀಯ ಪ್ರಜೆಗಳು ಕಾಮನ್‌ವೆಲ್ತ್ ಲೆಕ್ಕದಲ್ಲಿ ಹೆಸರು ನೋಂದಾಯಿಸಿ ಸಂಸತ್ ಚುನಾವಣೆಗೂ ವೋಟು ಹಾಕಬಹುದು. ಬೆಂಗಳೂರಿನಿಂದ ಹೋದ ಐಟಿ ಹುಡುಗರಲ್ಲಿ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ಹಂತ 6: ಪಕ್ಷದೊಳಗೆ ಕೀಲಿ ಯಾರ ಕೈಯಲ್ಲಿದೆ ನೋಡಿ

ಮತದಾರರು ಬದಲಾದ ಕೂಡಲೇ ಪಕ್ಷ ಬದಲಾಗುವುದಿಲ್ಲ. ಟೋರಿ ನಾಯಕರನ್ನು ಕೊನೆಯ ಸುತ್ತಿನಲ್ಲಿ ಆರಿಸುವವರು ಪಕ್ಷದ ಸದಸ್ಯರು, ಅವರಲ್ಲಿ ಹಿರಿಯರೇ ಜಾಸ್ತಿ. 2022ರಲ್ಲಿ ಸಂಸದರ ಸುತ್ತಿನಲ್ಲಿ ಮುಂದಿದ್ದವರು ರಿಷಿ ಸುನಕ್, ನಮ್ಮ ಪೇಪರ್‌ಗಳು ಕರ್ನಾಟಕದ ಅಳಿಯ ಅಂತ ಬರೆದವರು. ಸದಸ್ಯರು ಆರಿಸಿದ್ದು ಲಿಜ್ ಟ್ರಸ್ ಅವರನ್ನು. 2024ರಲ್ಲಿ ಕೆಮಿ ಬೇಡನಾಕ್ ಗೆದ್ದು ಪಕ್ಷದ ನಾಯಕಿಯಾದಾಗ ವೋಟಿನ ಹಕ್ಕು ಇದ್ದ ಸದಸ್ಯರು ಸುಮಾರು 1,31,000, ಅಷ್ಟೇ.

ಆದ್ದರಿಂದ ಪಕ್ಷ ಇರುವ ಮತದಾರರನ್ನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬೆಲೆ ಏರಿಕೆ, ಸಂಬಳ ಏರಿಕೆ, ಶೇ 2.5, ಈ ಮೂರರಲ್ಲಿ ಯಾವುದು ಜಾಸ್ತಿಯೋ ಅಷ್ಟು ಪಿಂಚಣಿ ಏರಿಸುವ ಟ್ರಿಪಲ್ ಲಾಕ್ ಮುಟ್ಟಲು ಧೈರ್ಯವಿಲ್ಲ. 2017ರಲ್ಲಿ ಆಗಿನ ಟೋರಿ ಪ್ರಧಾನಿ ತೆರೇಸಾ ಮೇ ಹಿರಿಯರ ಆರೈಕೆಯ ಖರ್ಚಿಗೆ ಅವರ ಮನೆಯ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದು ಪ್ರಣಾಳಿಕೆಯಲ್ಲಿ ಬರೆದು, ನಾಲ್ಕೇ ದಿನದಲ್ಲಿ ಹಿಂದೆ ಸರಿದರು. 2024ರಲ್ಲಿ ಸುನಕ್ ಅವರು 18 ವರ್ಷದವರಿಗೆ ರಾಷ್ಟ್ರೀಯ ಸೇವೆ ಕಡ್ಡಾಯ ಅಂದಾಗ ಅದು ಯಾರ ಅಜ್ಜನಿಗೆ ಹೇಳಿದ್ದು ಅಂತ ಎಲ್ಲರಿಗೂ ಅರ್ಥವಾಗಿತ್ತು.

ಹಂತ 7: ಇನ್ನೊಂದು ಕಾಲಂ ಎಳೆಯಿರಿ

2024ರಿಂದ ಟೋರಿ ಮತ ಒಂದನ್ನೇ ಬರೆದರೆ ಲೆಕ್ಕ ಹಳ್ಳ ಹಿಡಿಯುತ್ತದೆ. ಆ ವರ್ಷ ನೈಜೆಲ್ ಫರಾಜ್ ಅವರ ಬಲಪಂಥೀಯ ರಿಫಾರ್ಮ್ ಪಕ್ಷ ಶೇ 14 ತೆಗೆದುಕೊಂಡಿತು, ಎರಡೂ ಸೇರಿದರೆ 38. ಟೋರಿಗೆ ಒಂದು ಕಾಲಂ, ಟೋರಿ ಮತ್ತು ರಿಫಾರ್ಮ್ ಸೇರಿಸಿ ಇನ್ನೊಂದು. ಯುವಕರನ್ನೂ ಯುವತಿಯರನ್ನೂ ಬೇರೆ ಬೇರೆ ಬರೆಯಿರಿ, ಏಕೆಂದರೆ ರಿಫಾರ್ಮ್ ಕಡೆ ವಾಲುವವರಲ್ಲಿ ಯುವಕರೇ ಜಾಸ್ತಿ. 16 ವರ್ಷಕ್ಕೇ ಮತದಾನದ ಹಕ್ಕು ಕೊಡುತ್ತೇವೆ ಎಂದು ಸರ್ಕಾರ 2025ರಲ್ಲಿ ಹೇಳಿದೆ. ಅದು ಬಂದರೆ ಆ ಮಕ್ಕಳನ್ನು 18–24ರ ಸಾಲಿಗೆ ತುರುಕಬೇಡಿ, ಬೇರೆ ಸಾಲು ಮಾಡಿ.

ಮುಂದಿನ ಚುನಾವಣೆ 2029ರೊಳಗೆ ಆಗಲೇಬೇಕು. 2019ರಲ್ಲಿ ಮೈನಸ್ 23 ಇದ್ದವರಿಗೆ 2029ಕ್ಕೆ 28ರಿಂದ 34 ವಯಸ್ಸು. ಮೊದಲ ಕಾಲಂನಲ್ಲಿ ಅವರ ಅಂತರ ಒಂದಂಕಿಗೆ ಇಳಿದಿದ್ದರೆ ವಯಸ್ಸು ತನ್ನ ಕೆಲಸ ಮಾಡುತ್ತಿದೆ ಅಂತ ಬರೆದುಕೊಳ್ಳಿ. ಎರಡನೆಯದರಲ್ಲಿ ಮಾತ್ರ ಇಳಿದಿದ್ದರೆ ಅವರು ಬಲಕ್ಕೆ ಬಂದಿದ್ದಾರೆ, ಟೋರಿ ಮನೆಗೆ ಬಂದಿಲ್ಲ.