ಹೆಲ್ಪ್ ಟೂಲ್ ಕೊಳ್ಳುವ ಮುಂಚೆ

ಮ್ಯಾನುಯಲ್, ಆನ್‌ಲೈನ್ ಹೆಲ್ಪ್ ಬರೆಯುವ ಟೂಲನ್ನು ಬರೀ ಡೆಮೊ ನೋಡಿ ಕೊಳ್ಳಬೇಡಿ. ಡೆಮೊದಲ್ಲಿ ಎಲ್ಲವೂ ಚೆಂದವೇ, ಅಲ್ವಾ? ಫ್ಲೇರ್ ಇರಲಿ, ರೋಬೋಹೆಲ್ಪ್ ಇರಲಿ, ಟ್ರಯಲ್ ಹಾಕಿಕೊಂಡು ನಿಮ್ಮದೇ ಮ್ಯಾನುಯಲ್‌ನ 20 ಪುಟ ಅದಕ್ಕೆ ತುಂಬಿ. ನಾನಂತೂ ಬೇಕಂತಲೇ ಅತಿ ಕೆಟ್ಟ ಪುಟಗಳನ್ನು ಆರಿಸುತ್ತೇನೆ: ಎರಡು ಪುಟಕ್ಕೆ ಹರಡಿದ ಟೇಬಲ್, ಹತ್ತು ಕಡೆ ಬರುವ ಒಂದೇ ಎಚ್ಚರಿಕೆ. ಆ ಎಚ್ಚರಿಕೆಯನ್ನು ಸ್ನಿಪೆಟ್ (ಒಮ್ಮೆ ಬರೆದು ಹಲವು ಕಡೆ ಬಳಸುವ ತುಣುಕು) ಮಾಡಿ, ಒಂದು ಕಡೆ ತಿದ್ದಿ. ಹತ್ತೂ ಕಡೆ ಬದಲಾಯಿತಾ?

ಆಮೇಲೆ ಅದೇ ಮೂಲದಿಂದ ಪಿಡಿಎಫ್, ಎಚ್‌ಟಿಎಂಎಲ್5 (ವೆಬ್ ಪುಟಗಳು) ಎರಡೂ ತೆಗೆಯಿರಿ. ಕನ್ನಡದ ಸಾಲೊಂದನ್ನೂ ಸೇರಿಸಿ. ಒಮ್ಮೆ ನನ್ನ ಪಿಡಿಎಫ್‌ನಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು! ಕಣ್ಣಿಗೆ ಕಾಣುವ ಪದ ಹುಡುಕಿದರೆ ಸಿಗುತ್ತದಾ ಅಂತಲೂ ನೋಡಿ.

ವರ್ಷದ ಚಂದಾನಾ, ಒಬ್ಬೊಬ್ಬರಿಗೂ ಬೇರೆ ಲೈಸೆನ್ಸಾ ಅಂತ ಕೇಳಿ. ಅದಕ್ಕಿಂತ ಮುಖ್ಯ, ಟೂಲ್ ಬಿಡುವ ದಿನ ಬರಹ ಹೇಗೆ ಹೊರಬರುತ್ತದೆ? ಫ್ಲೇರ್‌ನ ಟಾಪಿಕ್‌ಗಳು, ಅಂದರೆ ಒಂದೊಂದು ವಿಷಯದ ಪುಟಗಳು, ಎಕ್ಸ್‌ಎಂಎಲ್ ಫೈಲುಗಳು (ಬೇರೆ ಟೂಲ್‌ಗಳೂ ಓದಬಲ್ಲ ಸಾದಾ ಪಠ್ಯ); ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲೂ ಇಡಬಹುದು.