ವಿಮೆ ಹಣ ಕಡಿಮೆ ಬಂತೇ? ಮೊದಲು ಲೆಕ್ಕ ಕೇಳಿ

ಪಾಲಿಸಿ ಇದ್ದದ್ದು 5 ಲಕ್ಷ ರೂಪಾಯಿಯದು. ಭಾಂಡುಪ್‌ನ ನಮ್ಮ ಚಿಕ್ಕಮ್ಮನ ಖಾತೆಗೆ ಬಂದದ್ದು 2 ಲಕ್ಷ, ಅದರ ಮೇಲೆ ಸ್ವಲ್ಪ ಬೋನಸ್. ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಚಿಕ್ಕಪ್ಪ ತೀರಿಕೊಂಡು ಆಗ ಎರಡು ತಿಂಗಳು. “ಕೊಟ್ಟಷ್ಟು ಕೊಟ್ಟರಲ್ಲ ಮಗಾ, ಹೋದವರ ಹಣಕ್ಕೆ ಜಗಳ ಯಾಕೆ?” ಎಂದರು ಚಿಕ್ಕಮ್ಮ. ಊರು ಬಿಟ್ಟು ಮುಂಬೈಗೆ ಬಂದ ನಮ್ಮವರ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿದ್ದೇನೆ. ಕೇಳಿದಾಗೆಲ್ಲ ಸಂಕಟವಾಗುತ್ತದೆ. ಅದು ಕಂಪನಿ ಕೊಟ್ಟ ದಾನವಲ್ಲ, ಸಂಬಳದಲ್ಲಿ ಉಳಿಸಿ ಕಟ್ಟಿದ ಕಂತಿನ ಹಣ.

ಹಾಗೆಂದು ಕಡಿತವೆಲ್ಲ ಅನ್ಯಾಯವೂ ಅಲ್ಲ. ಆದ್ದರಿಂದ ಮೊದಲ ಕೆಲಸ, ಲಿಖಿತ ಲೆಕ್ಕ ಕೇಳುವುದು. “ಮೂಲ ವಿಮಾ ಮೊತ್ತ ಎಷ್ಟು, ಯಾವ ಬಾಬ್ತಿಗೆ ಎಷ್ಟು ಕಳೆದಿರಿ, ಪಾಲಿಸಿಯ ಯಾವ ಷರತ್ತಿನ ಪ್ರಕಾರ?” ಈ ಮೂರೇ ಪ್ರಶ್ನೆ ಸಾಕು. ಪಾಲಿಸಿ ನಂಬರ್, ಕ್ಲೇಮ್ ನಂಬರ್ ಬರೆದು ಶಾಖೆಗೆ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ನಾಳೆ ಯಾರ ಮುಂದೆಯೂ ನಿಲ್ಲುವುದಿಲ್ಲ.

ಹಣ ಕೈಸೇರುವ ಮುನ್ನ ಡಿಸ್ಚಾರ್ಜ್ ವೋಚರ್‌ಗೆ (ಕ್ಲೇಮಿನ ಹಣ ಪೂರ್ತಿ ಸಂದಿದೆ ಎಂಬ ರಸೀದಿ) ಸಹಿ ಕೇಳಿದರೆ, ಸಹಿಯ ಪಕ್ಕದಲ್ಲೇ “ಮೊತ್ತದ ಬಗ್ಗೆ ಆಕ್ಷೇಪವಿದೆ” ಎಂದು ಬರೆಯಿರಿ. ಆಗಲೇ ಸಹಿ ಹಾಕಿ ಆಗಿದೆಯೇ? ಮೋಸದಿಂದಲೋ ಒತ್ತಾಯದಿಂದಲೋ ಪಡೆದ ಸಹಿಯಿಂದಷ್ಟೇ ಹಕ್ಕು ಹೋಗದು ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ.

ಲೆಕ್ಕ ಕೈಗೆ ಬಂದ ಮೇಲೆ ಒಂದೊಂದು ಸಾಲನ್ನೂ ಒರೆಗೆ ಹಚ್ಚಿ. ಪಾಲಿಸಿ ಮೇಲಿನ ಸಾಲ ಮತ್ತು ಬಡ್ಡಿ ಕಳೆದಿದ್ದರೆ ಸಾಲ ಪಡೆದ ದಾಖಲೆ ಕೇಳಿ. ದಾಖಲೆ ಇದ್ದರೆ ಅಲ್ಲಿಗೆ ಮುಗಿಯಿತು. ‘ಪೇಡ್-ಅಪ್’ ಎಂದು ಬರೆದಿದ್ದರೆ ಮಾತ್ರ ನಿಧಾನವಾಗಿ ಕೂತು ನೋಡಬೇಕು. ಕಂತು ನಿಂತುಹೋದ ಪಾಲಿಸಿಯಲ್ಲಿ ಕಟ್ಟಿದ ಕಂತುಗಳ ಪ್ರಮಾಣಕ್ಕೆ ವಿಮಾ ಮೊತ್ತ ಇಳಿಯುತ್ತದೆ. 20 ವರ್ಷ ಕಟ್ಟಬೇಕಾದಲ್ಲಿ 8 ವರ್ಷ ಕಟ್ಟಿದರೆ 5 ಲಕ್ಷ ಇದ್ದದ್ದು 2 ಲಕ್ಷವಾಗುತ್ತದೆ. ಚಿಕ್ಕಮ್ಮನಿಗೆ ಕಳಿಸಿದ್ದು ಇದೇ ಲೆಕ್ಕ. ಆದರೆ ಚಿಕ್ಕಪ್ಪನ ಪಾಸ್‌ಬುಕ್ ತಿರುವಿದಾಗ ಒಂಬತ್ತನೇ ವರ್ಷದ ಕಂತೂ ಖಾತೆಯಿಂದ ಹೋಗಿತ್ತು! ಹಣ ಹೋಗಿದೆ, ಪಾಲಿಸಿಗೆ ಜಮಾ ಆಗಿಲ್ಲ. ಜಮಾ ಆಗಿದ್ದರೆ ಚಿಕ್ಕಪ್ಪ ತೀರಿಕೊಂಡಾಗ ಪಾಲಿಸಿ ಚಾಲೂ ಇರುತ್ತಿತ್ತು, ಪೂರ್ತಿ 5 ಲಕ್ಷ ಬರಬೇಕಿತ್ತು. ಕಂತು ಬಾಕಿ ಇದ್ದರೂ ತಿಂಗಳ ಕಂತಿಗೆ 15 ದಿನ, ಉಳಿದವಕ್ಕೆ 30 ದಿನ ಗಡುವು ಇರುತ್ತದೆ. ಆ ಗಡುವಿನೊಳಗೆ ಸಾವಾಗಿದ್ದರೆ ಬಾಕಿ ಕಂತು ಕಳೆದು ಪೂರ್ತಿ ಹಣ ಕೊಡಬೇಕು. ಸಂಬಳದಲ್ಲಿ ಹಿಡಿದ ಕಂತನ್ನು ಮಾಲೀಕರು ಕಟ್ಟದೆ ಉಳಿಸಿದ ಒಂದು ಪ್ರಕರಣದಲ್ಲಿ, ಅದೂ 1999ರಲ್ಲೇ, ಸುಪ್ರೀಂ ಕೋರ್ಟ್ ಎಲ್‌ಐಸಿಯನ್ನೇ ಹೊಣೆ ಮಾಡಿತ್ತು. ಸಂಬಳದ ಚೀಟಿಗಳನ್ನು ಎಸೆಯಬೇಡಿ.

ನಮ್ಮವರಿಗೆ ಹೆಚ್ಚು ಕಾಡುವುದು ವಯಸ್ಸು. ಎಳವೆಯಲ್ಲೇ ಹೋಟೆಲ್ ಕೆಲಸಕ್ಕೆ ಬಂದವರ ವಯಸ್ಸು ಅಂದಾಜಿನಲ್ಲಿ ಬರೆಸಿದ್ದು. ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಕಾಯಿಲೆ ಮುಚ್ಚಿಟ್ಟರು ಎಂಬಂಥ ತಕರಾರನ್ನು ಕಂಪನಿ ತೆಗೆಯುವಂತಿಲ್ಲ. 1938ರ ವಿಮಾ ಕಾಯ್ದೆಯ 45ನೇ ಕಲಂ ಹಾಗೆ ಹೇಳುತ್ತದೆ. ನಿಂತ ಪಾಲಿಸಿಯನ್ನು ಮತ್ತೆ ಚಾಲೂ ಮಾಡಿಸಿದ್ದರೆ ಮೂರು ವರ್ಷ ಅಲ್ಲಿಂದ ಎಣಿಸಬೇಕು. ವಯಸ್ಸಿಗೆ ಮಾತ್ರ ಈ ರಕ್ಷಣೆಯಿಲ್ಲ. ನಿಜವಾದ ವಯಸ್ಸಿಗೆ ತಕ್ಕಂತೆ ಯಾವಾಗ ಬೇಕಾದರೂ ಲೆಕ್ಕ ತಿದ್ದಬಹುದು. ಊರಿನ ಶಾಲೆಯಿಂದ ದಾಖಲಾತಿ ಪುಸ್ತಕದ ಪ್ರತಿ ತರಿಸಿ ಎದುರಿಡುವುದೇ ಇದಕ್ಕೆ ದಾರಿ.

ಲೆಕ್ಕ ತಪ್ಪಿದೆ ಎಂದು ಖಚಿತವಾದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಪುರಾವೆ ಸಮೇತ ಬರೆಯಿರಿ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಪ್ರಾಧಿಕಾರ ಐಆರ್‌ಡಿಎಐನ ‘ಬೀಮಾ ಭರೋಸಾ’ ಪೋರ್ಟಲ್‌ನಲ್ಲೂ ದೂರು ಹಾಕಿ. 155255ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ವಿಮಾ ಲೋಕಪಾಲರ (ಇನ್ಶೂರೆನ್ಸ್ ಓಂಬುಡ್ಸ್‌ಮನ್) ಬಳಿ ಹೋಗಿ. 50 ಲಕ್ಷ ರೂಪಾಯಿವರೆಗಿನ ವಿವಾದ ಅಲ್ಲಿ ನಡೆಯುತ್ತದೆ. ಶುಲ್ಕವಿಲ್ಲ. ವಕೀಲರಿಗೆ ಪ್ರವೇಶವೇ ಇಲ್ಲ, ನಾಮಿನಿಯೇ ತನ್ನ ಮಾತು ಹೇಳಬಹುದು. ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಮುಂಬೈ ಕಚೇರಿ ಸಾಂತಾಕ್ರೂಜ್ ಪಶ್ಚಿಮದ ಎಸ್.ವಿ. ರಸ್ತೆಯ ಜೀವನ್ ಸೇವಾ ಅನೆಕ್ಸ್‌ನಲ್ಲಿದೆ, ಗೋವಾದವರಿಗೂ ಇದೇ. ಭಾಂಡುಪ್‌ನಂಥ ಕೆಲವು ಪೂರ್ವ ಉಪನಗರಗಳು ಮಾತ್ರ ಈಗ ಠಾಣೆ ಕಚೇರಿಗೆ ಸೇರುತ್ತವೆ. ಪುಣೆಯವರಿಗೆ ನಾರಾಯಣ ಪೇಟೆಯ ಜೀವನ್ ದರ್ಶನ್ ಕಟ್ಟಡ. ನಾಮಿನಿ ಕುಂದಾಪುರಕ್ಕೋ ವಿಜಯಪುರಕ್ಕೋ ಮರಳಿದ್ದರೆ ದೂರಿಗಾಗಿ ಮುಂಬೈಗೆ ಬರಬೇಕಿಲ್ಲ. ವಾಸದ ಊರಿನ ಲೆಕ್ಕದಲ್ಲಿ ಬೆಂಗಳೂರಿನ ಲೋಕಪಾಲರಿಗೇ ಕೊಡಬಹುದು.

ಗ್ರಾಹಕ ಆಯೋಗವೂ ಇದೆ, ಅಲ್ಲಿಗೆ ಎರಡು ವರ್ಷದ ಗಡುವು. ಆದರೆ ಅಲ್ಲಿ ಕೇಸು ಹಾಕಿದರೆ ಅದೇ ವಿಷಯವನ್ನು ಲೋಕಪಾಲರು ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಮೊದಲು ಲೋಕಪಾಲರೇ ಸರಿ ಎಂಬುದು ನನ್ನ ಅಭಿಪ್ರಾಯ.

ಚಿಕ್ಕಮ್ಮ ಅಷ್ಟು ದೂರ ಹೋಗಬೇಕಾಗಲಿಲ್ಲ. ಪಾಸ್‌ಬುಕ್ಕಿನ ಆ ಒಂದು ಪುಟದ ಪ್ರತಿ ಸೇರಿಸಿ ಬರೆದ ಪತ್ರಕ್ಕೆ ಉಳಿದ 3 ಲಕ್ಷ ಬಂತು. ತಡ ಮಾಡಿದ ದಿನಗಳಿಗೆ ಬ್ಯಾಂಕ್ ದರದ ಮೇಲೆ ಶೇ 2 ಸೇರಿಸಿ ಬಡ್ಡಿ ಕೊಡಬೇಕೆಂಬ ನಿಯಮವಿದೆ ಎಂದು ಹೇಳಿದೆ. ಕಾಗದ, ಪೆನ್ನು ತಂದು ಮುಂದಿಟ್ಟು, “ಅದಕ್ಕೂ ಒಂದು ಬರಿ ಮಗಾ” ಎಂದರು ಚಿಕ್ಕಮ್ಮ.