ಕಾಲಿನ ರಕ್ತನಾಳದ ಪರೀಕ್ಷೆ: ಯಾರಿಗೆ, ಯಾವಾಗ?

‘ಒಂದು ಡಾಪ್ಲರ್ ಮಾಡಿಸಿಬಿಡೋಣವೇ ಡಾಕ್ಟರೇ?’ ಕಾಲುನೋವೆಂದು ಬಂದವರು ಕುಳಿತ ಕೂಡಲೇ ಕೇಳುತ್ತಾರೆ. ರಕ್ತದ ಹರಿವನ್ನು ಶಬ್ದತರಂಗದಿಂದ ನೋಡುವ, ಸೂಜಿ ಚುಚ್ಚದ, ನೋವಾಗದ ಪರೀಕ್ಷೆ ಅದು, ನಿಜ. ಆದರೂ ನಾನು ಮೊದಲು ಕೇಳುವುದು ನಡಿಗೆಯ ಬಗ್ಗೆ.

ಎಷ್ಟು ದೂರ ನಡೆದರೆ ನೋವು? ದಿನವೂ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಮೀನಖಂಡ ಹಿಡಿದುಕೊಂಡು, ಸುಮ್ಮನೆ ನಿಂತರೆ ಹತ್ತು ನಿಮಿಷದೊಳಗೆ ಬಿಟ್ಟರೆ ಕಾಲಿಗೆ ರಕ್ತ ಒಯ್ಯುವ ಅಪಧಮನಿ ಕಿರಿದಾಗಿರುವ ಸಂಶಯ ಬಲವಾಗುತ್ತದೆ. ನಿಂತರೂ ಹೋಗದ ನೋವು ಕುಳಿತು ಮುಂದಕ್ಕೆ ಬಾಗಿದಾಗ ಇಳಿದರೆ ಬೆನ್ನುಮೂಳೆಯನ್ನು ನೋಡಬೇಕು.

ನಂತರ ಕಾಲುಚೀಲ ತೆಗೆಸಿ, ಪಾದದ ಮೇಲೂ ಕಣಕಾಲಿನ ಒಳಗಂಟಿನ ಹಿಂದೆಯೂ ನಾಡಿ ಹಿಡಿಯಬೇಕು. ಬೆರಳುಗಳ ಸಂದಿಯನ್ನು ಬಿಡಿಸಿ ನೋಡಬೇಕು. ಸಕ್ಕರೆ ಕಾಯಿಲೆಯವರ ಹುಣ್ಣು ನೋವೇ ಇಲ್ಲದೆ ಅಲ್ಲಿ ಅಡಗಿರಬಹುದು. ನಾಡಿ ಸಿಗದಿದ್ದರೆ, ಗಾಯ ಮಾಯದಿದ್ದರೆ, ರಾತ್ರಿ ಕಾಲನ್ನು ಮಂಚದಿಂದ ಇಳಿಬಿಟ್ಟರಷ್ಟೇ ನಿದ್ದೆ ಬರುವಂತಿದ್ದರೆ ಪರೀಕ್ಷೆ ಬೇಕೇ ಬೇಕು. ನೋವಿಲ್ಲದವರಲ್ಲಿ 65 ದಾಟಿದವರಿಗೆ, 50 ದಾಟಿದವರಲ್ಲಿ ಮಧುಮೇಹಿಗಳಿಗೂ ಬೀಡಿ, ಸಿಗರೇಟು ಸೇದುವವರಿಗೂ ಮಾಡಿಸುವುದು ಸರಿ.

ಆರಂಭಿಸಬೇಕಾದದ್ದು ದೊಡ್ಡ ಸ್ಕ್ಯಾನಿನಿಂದಲ್ಲ. ತೋಳಿನ ಮತ್ತು ಕಣಕಾಲಿನ ರಕ್ತದೊತ್ತಡ ಅಳೆದು ಭಾಗಿಸಿದರೆ ಸಾಕು. ತೋಳಿನಲ್ಲಿ 140, ಕಾಲಿನಲ್ಲಿ 98 ಬಂದರೆ ಅನುಪಾತ 0.70. ಅದು 0.90 ಅಥವಾ ಕಡಿಮೆಯಿದ್ದರೆ ರಕ್ತನಾಳದ ಕಾಯಿಲೆ ಇದೆಯೆಂದರ್ಥ. 1.40 ಮೀರಿದರೆ ಸಮಾಧಾನಪಡಬೇಡಿ: ಸುಣ್ಣ ಕಟ್ಟಿ ಗಡುಸಾದ ನಾಳ ಪಟ್ಟಿಯ ಒತ್ತಡಕ್ಕೆ ಮಣಿಯುತ್ತಿಲ್ಲ. ಮಧುಮೇಹ, ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ಹೀಗಾಗುತ್ತದೆ. ಆಗ ಕಾಲಿನ ಹೆಬ್ಬೆರಳಿನ ರಕ್ತದೊತ್ತಡ ಅಳೆಯಬೇಕು. ಲೆಕ್ಕ ಸರಿಯಿದ್ದೂ ನಡೆದಾಗ ನೋವು ಬರುತ್ತಿದ್ದರೆ, ನಡೆಸಿ ಮತ್ತೆ ಅಳೆಯಬೇಕು. ಅಡಚಣೆ ಎಲ್ಲಿದೆಯೆಂದು ತೋರಿಸುವ ಡಾಪ್ಲರ್ ಸ್ಕ್ಯಾನ್ ಮುಖ್ಯವಾಗಿ ಬೇಕಾಗುವುದು ಶಸ್ತ್ರಚಿಕಿತ್ಸೆ ಅಥವಾ ಸ್ಟೆಂಟ್ ಯೋಚಿಸುವಾಗ.

ಒಂದೇ ಕಾಲು ಊದಿಕೊಂಡರೆ ಲೆಕ್ಕ ಬೇರೆ. ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಟೇಪು ಸುತ್ತಿ ಎರಡೂ ಕಾಲು ಅಳೆಯಿರಿ. ವ್ಯತ್ಯಾಸ 3 ಸೆಂ.ಮೀ. ಮೀರಿದ್ದರೆ, ಅದರಲ್ಲೂ ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿದ್ದರೆ, ರಕ್ತವನ್ನು ಹೃದಯಕ್ಕೆ ಮರಳಿಸುವ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ಅಂದೇ ಸ್ಕ್ಯಾನ್ ಮಾಡಿಸಬೇಕು. ಸಾಧ್ಯತೆ ಕಡಿಮೆ ಎನಿಸಿದರೆ ಡಿ-ಡೈಮರ್ ರಕ್ತಪರೀಕ್ಷೆ ಮೊದಲು. ಅದು ನೆಗೆಟಿವ್ ಬಂದರೆ ಸ್ಕ್ಯಾನ್ ಬೇಡ.

ಕಾಲು ಹಠಾತ್ತನೆ ತಣ್ಣಗಾಗಿ, ಬಿಳಿಚಿಕೊಂಡು, ಜೋಮು ಹಿಡಿದರೆ ಸ್ಕ್ಯಾನ್ ಸೆಂಟರಿನ ಸಾಲಿನಲ್ಲಿ ಕೂರಬೇಡಿ. ರಕ್ತನಾಳ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ನೇರವಾಗಿ ಹೊರಡಿ. ಕಾಲು ಉಳಿಸಿಕೊಳ್ಳಲು ಇರುವುದು ಸುಮಾರು ಆರು ಗಂಟೆ.